ಕೆನಡಾದ ಕಾಯ್ದೆ, ಗೊರೇಬಾಳದ ದಾರಿ

ನಾನು ಕೆನಡಾ ನೋಡಿದವಳಲ್ಲ. ಆದರೂ ಲಿಂಗಸುಗೂರಿನ ನಮ್ಮ ಕಾಲೇಜಿನಲ್ಲಿ ನನಗೆ ಬಿದ್ದ ಅಡ್ಡಹೆಸರು ‘ಕೆನಡಾ ಮೇಡಂ’. ನಾನು ತತ್ವಶಾಸ್ತ್ರ ಪಾಠ ಮಾಡುವವಳು. ಆ ವಿಷಯ ತೆಗೆದುಕೊಳ್ಳುವ ಹುಡುಗರೇ ಕಡಿಮೆ, ತೆಗೆದುಕೊಂಡವರಲ್ಲೂ ಅರ್ಧ ಜನ ಬೇರೆಲ್ಲೂ ಸೀಟು ಸಿಗದೆ ಬಂದವರು. ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಆ ದೇಶದ ಸಂಸತ್ತಿನ ಚರ್ಚೆಗಳನ್ನು ಮೊಬೈಲಿನಲ್ಲಿ ಓದುವುದು ನನ್ನ ಚಟ. ಪಕ್ಕದಲ್ಲಿ ಕೂತವರು ಧಾರಾವಾಹಿ ನೋಡುತ್ತಿರುತ್ತಾರೆ. ಎರಡಕ್ಕೂ ಬಹಳ ಫರಕಿಲ್ಲ ಎಂದು ನಮ್ಮ ಇತಿಹಾಸದ ಮೇಷ್ಟ್ರು ಕಾಲೆಳೆಯುತ್ತಾರೆ.

ಯಾಕೆ ಕೆನಡಾ ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಅದು ಕ್ಷಮೆ ಕೇಳುವ ದೇಶ. ನೂರು ವರ್ಷದ ಹಿಂದೆ ನಮ್ಮ ಜನ ತುಂಬಿದ್ದ ಹಡಗೊಂದನ್ನು ದಡಕ್ಕೆ ಬಿಡದೆ ತಿರುಗಿಸಿ ಕಳಿಸಿದ್ದಕ್ಕೆ ಅವರ ಪ್ರಧಾನಿ ಸಂಸತ್ತಿನಲ್ಲಿ ಎದ್ದು ನಿಂತು ಕ್ಷಮೆ ಕೇಳಿದರು. ಮೂಲನಿವಾಸಿಗಳ ಮಕ್ಕಳನ್ನು ತಾಯಿತಂದೆಯರಿಂದ ಕಿತ್ತು ವಸತಿಶಾಲೆಗಳಲ್ಲಿಟ್ಟು ಅವರ ಭಾಷೆ ಮರೆಸಿದ್ದಕ್ಕೂ ಕೇಳಿದರು. ನಮ್ಮಲ್ಲಿ ಓಟಿಗಾಗಿ ಕೈಮುಗಿಯುವವರು ಮನೆ ಬಾಗಿಲಿಗೇ ಬರುತ್ತಾರೆ, ತಪ್ಪಿಗಾಗಿ ಕೈಮುಗಿದವರನ್ನು ನಾನಂತೂ ಕಂಡಿಲ್ಲ. ನಮ್ಮೂರು ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಶಾಸನ ಕೊರೆಸಿದ ಆ ಹಳೆಯ ಅರಸ ಯುದ್ಧ ಮಾಡಿ ಪಶ್ಚಾತ್ತಾಪಪಟ್ಟದ್ದನ್ನು ಬೇರೆ ಬೇರೆ ಕಡೆ ಬಂಡೆಗಳ ಮೇಲೆ ಬರೆಸಿದ. ಆದರೆ ಯಾವ ನಾಡಿನ ಮೇಲೆ ಯುದ್ಧ ಮಾಡಿದನೋ ಆ ನಾಡಿನ ಬಂಡೆಯ ಮೇಲೆ ಮಾತ್ರ ಅದನ್ನು ಬರೆಸಲಿಲ್ಲ. ಪೆಟ್ಟು ತಿಂದವರ ಎದುರಿಗೆ ಹೋಗಿ ಹೇಳುವುದು ಚಕ್ರವರ್ತಿಗೂ ಕಷ್ಟವಾಗಿರಬೇಕು.

ಹಾಗೆಂದು ನಾನೇನು ಕೆನಡಾದ ಭಜನಾ ಮಂಡಳಿಗೆ ಸೇರಿದವಳಲ್ಲ. ಅಷ್ಟೆಲ್ಲ ಕ್ಷಮೆ ಕೇಳಿದ ಮೇಲೂ ಆ ಮೂಲನಿವಾಸಿಗಳ ಕೆಲವು ಊರುಗಳಲ್ಲಿ ನಲ್ಲಿಯ ನೀರನ್ನು ಕುದಿಸದೆ ಕುಡಿಯುವಂತಿಲ್ಲ. ಕಾಲುವೆಯ ಕೊನೆಯ ಭಾಗದಲ್ಲಿ ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನಿಂದ ಮಾತು ಬಂದಷ್ಟು ಬೇಗ ನೀರು ಬರುವುದಿಲ್ಲ ಎಂದು ಅವರಿಗೆ ಗೊತ್ತು.

ನನ್ನ ಸಿಟ್ಟೆಲ್ಲ ಅಲ್ಲಿನ ಒಂದು ಕಾಯ್ದೆಯ ಮೇಲಿತ್ತು. ಕೆನಡಾದ ಬಹುತೇಕ ಪ್ರಾಂತ್ಯಗಳಲ್ಲಿ ಕ್ಷಮೆಗೆಂದೇ ಒಂದು ಕಾಯ್ದೆ ಇದೆ. ನಮ್ಮಿಂದ ಇನ್ನೊಬ್ಬರಿಗೆ ಪೆಟ್ಟಾದಾಗ ‘ತಪ್ಪಾಯಿತು’ ಎಂದು ಹೇಳಿದರೆ, ಆ ಮಾತನ್ನು ನಾಳೆ ಪರಿಹಾರದ ದಾವೆಯಲ್ಲಿ ನಮ್ಮ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. ನಾನು ಬರೆಯುತ್ತಿದ್ದ ಪ್ರಬಂಧ ಇದರ ಬಗ್ಗೆಯೇ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಕೆನಡಾದ ಒಬ್ಬ ಪ್ರಾಧ್ಯಾಪಕಿ ಮತ್ತು ಬೇರೆ ಬೇರೆ ದೇಶಗಳ ನನ್ನಂಥ ಕೆಲವರು ಆನ್‌ಲೈನಿನಲ್ಲಿ ಸೇರಿ ಚರ್ಚೆ ಮಾಡುತ್ತಿದ್ದೆವು. ಅಲ್ಲಿ ನಾನು ಜೋರಾಗಿಯೇ ಹೇಳಿದ್ದೆ: ಇದು ಕೊಡೆ ಹಿಡಿದುಕೊಂಡು ಮಳೆಯಲ್ಲಿ ನೆನೆಯಲು ಹೋದಂತೆ. ಹೇಳಿದ ಮಾತಿಗೆ ಏನನ್ನೂ ತೆರಬೇಕಾಗಿಲ್ಲ ಎಂದಮೇಲೆ ಅದು ಕ್ಷಮೆಯಲ್ಲ, ಬರಿಯ ಉಪಚಾರ. ಪ್ರಾಧ್ಯಾಪಕಿ ಸಮಾಧಾನದಿಂದ, ‘ಅಂಜುವವರೂ ಇರುತ್ತಾರಲ್ಲ’ ಎಂದರು. ಅಂಜುವವರಿಗೆಲ್ಲ ಕಾಯ್ದೆ ಮಾಡುತ್ತ ಕೂತರೆ ಆಯಿತು ಬಿಡಿ ಎಂದು ನಾನು ಸಿಡುಕಿದೆ.

ಅದಾದ ಕೆಲವೇ ದಿನಗಳಲ್ಲಿ ನನ್ನ ತಮ್ಮನ ಬೈಕು ಗೊರೇಬಾಳದ ಹತ್ತಿರ ಒಬ್ಬ ಹೆಂಗಸಿಗೆ ಬಡಿಯಿತು.

ತಮ್ಮನದು ಹಟ್ಟಿಯ ಗಣಿಯಲ್ಲಿ ಗುತ್ತಿಗೆ ಕೆಲಸ. ಮದುವೆಯಾಗಿಲ್ಲ. ಮಸ್ಕಿಯ ಮನೆಯಲ್ಲಿ ಅವ್ವ, ನಾನು, ಅವನು, ಮೂವರೇ. ಅವತ್ತು ಪಾಳಿ ಇರಲಿಲ್ಲವೆಂದು ಸಿಂಧನೂರಿಗೆ ಹೋಗಿದ್ದವನು ಸಂಜೆ ವಾಪಸು ಬರುತ್ತಿದ್ದ. ಗದ್ದೆಯಲ್ಲಿ ನಾಟಿ ಮುಗಿಸಿದ ಹೆಣ್ಣುಮಕ್ಕಳು ರಸ್ತೆ ದಾಟುತ್ತಿದ್ದರು. ಎಲ್ಲರೂ ದಾಟಿದರೆಂದು ಇವನು ಗಾಡಿ ಮುಂದೆ ಬಿಟ್ಟ. ಅವರಲ್ಲಿ ಒಬ್ಬರು ಥಟ್ಟನೆ ಹಿಂದಕ್ಕೆ ತಿರುಗಿ ರಸ್ತೆಗೆ ಬಂದರು. ಬ್ರೇಕ್ ಹಾಕಿದ, ಗಾಡಿ ಜಾರಿತು, ಅವರ ಕಾಲಿಗೆ ಬಡಿದು ಇವನೂ ಉರುಳಿದ. ಹಣೆ ಒಡೆದು ಮುಖವೆಲ್ಲ ರಕ್ತವಾಗಿ ಸ್ವಲ್ಪ ಹೊತ್ತು ಎಚ್ಚರವಿರಲಿಲ್ಲ. ಸೇರಿದ ಜನ ಇಬ್ಬರನ್ನೂ ಬೇರೆ ಬೇರೆ ಆಟೋದಲ್ಲಿ ಸಿಂಧನೂರಿನ ಬೇರೆ ಬೇರೆ ಆಸ್ಪತ್ರೆಗೆ ಸೇರಿಸಿದರು. ಇವನಿಗೆ ಹಣೆಗೆ ಹೊಲಿಗೆ ಹಾಕಿ ಮನೆಗೆ ಕಳಿಸಿದರು. ಅವರಿಗೆ ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಗೊರೇಬಾಳದ ಒಬ್ಬ ಟೇಲರ್‌ ಸಾಹೇಬರ ಹೆಂಡತಿ, ನಮ್ಮ ಅವ್ವನ ವಯಸ್ಸಿನವರು ಎಂದು ಮರುದಿನ ತಿಳಿಯಿತು.

ನಮ್ಮ ಕಡೆ ಇಂಥದ್ದಾದರೆ ಮೊದಲು ಮಾಡುವ ಕೆಲಸ ಮಾತಾಡಿಸಿಕೊಂಡು ಬರುವುದು. ಸಾವಾಗಲಿ, ಆಪರೇಷನ್ ಆಗಲಿ, ಕೈಕಾಲು ಮುರಿಯಲಿ, ಹೋಗಿ ಹತ್ತಿರ ಕೂತು ‘ಹ್ಯಾಂಗಾತು’ ಎಂದು ಕೇಳಿ, ಕೊಟ್ಟ ಚಹಾ ಕುಡಿದು ಬರಬೇಕು. ಇದಕ್ಕೆ ಸಂಬಂಧಿಕರೇ ಆಗಬೇಕೆಂದಿಲ್ಲ, ಜಾತಿ ಒಂದೇ ಇರಬೇಕೆಂದಿಲ್ಲ. ಜಗಳ ಆಡಿದವರೂ ಹೋಗುತ್ತಾರೆ. ಹೋಗದೆ ಉಳಿದವರನ್ನು ಊರು ಮರೆಯುವುದಿಲ್ಲ. ಅವ್ವ ಬೆಳಿಗ್ಗೆಯೇ ಸೀರೆ ಬದಲಿಸಿ, ಚೀಲದಲ್ಲಿ ಮೋಸಂಬಿ ತುಂಬಿಕೊಂಡು ತಯಾರಾಗಿ ಕೂತಿದ್ದಳು.

ತಡೆದವರು ವಕೀಲರು. ಸಿಂಧನೂರಿನಲ್ಲಿರುವ ನಮ್ಮ ದೂರದ ಸಂಬಂಧಿ, ನಮ್ಮ ಒಳ್ಳೆಯದನ್ನೇ ಬಯಸುವ ಮನುಷ್ಯ. ಫೋನಿನಲ್ಲಿಯೇ ಹೇಳಿದರು:

“ನೀವು ಹಣ್ಣು ಹಿಡಕೊಂಡು ಹೋದ್ರಿ ಅಂದ್ರ ತಪ್ಪು ಒಪ್ಪಿಕೊಂಡಂಗ ಆತು. ಒಂದು ಮಾತು ಬಾಯಿಂದ ಬಿತ್ತಂದ್ರ ಅದನ್ನ ಹಿಡದು ಜಗ್ಗತಾರ. ಹುಡುಗನ ನೌಕರಿ ಪರ್ಮನೆಂಟ್ ಆಗೋ ಟೈಮು, ಇದೆಲ್ಲ ಯಾಕ ಬೇಕ್ರಿ? ಇನ್ಶೂರೆನ್ಸ್ ಐತಿ, ಅವರು ನೋಡ್ಕೊಂತಾರ. ನೀವು ಸುಮ್ಮನ ಮನ್ಯಾಗ ಕುಂದರ್ರಿ.”

ಕೂತೆವು. ಅವನ ನೌಕರಿಯ ಭಯ ನನಗೂ ಇತ್ತು, ಸುಳ್ಳೇಕೆ ಹೇಳಲಿ. ಮೋಸಂಬಿಯನ್ನು ನಾನು, ಅವ್ವ ತಿಂದು ಮುಗಿಸಿದೆವು. ತಮ್ಮ ಅದನ್ನು ಮುಟ್ಟಲಿಲ್ಲ.

ಅವನು ಬೇರೆ ಏನನ್ನೂ ಸರಿಯಾಗಿ ತಿನ್ನುತ್ತಿರಲಿಲ್ಲ. ಪಾಳಿಗೆ ಹೋಗುತ್ತಿದ್ದ, ಬರುತ್ತಿದ್ದ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಮಾತಿಗೆ ಮುಂಚೆ ನಗುವ ಹುಡುಗ, ಮನೆಯಲ್ಲಿ ಇದ್ದಾನೋ ಇಲ್ಲವೋ ಎನ್ನುವಂತಾದ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಕ್ಕಾ, ಆಕಿ ಕಾಲು ನೆಟ್ಟಗಾಗ್ತೈತೇನು?” ಎಂದ. ಆಗುತ್ತದೆ ಎಂದೆ. “ನೀ ನೋಡಿಯೇನು?” ಎಂದ. ನಾನು ಒಲೆಯ ಕಡೆಗೆ ತಿರುಗಿದೆ. ಇನ್ನೊಂದು ದಿನ ಅವನೇ ಬಾಯಿಬಿಟ್ಟ: ಬಸ್ಸು ಹತ್ತಿ ಗೊರೇಬಾಳದ ತನಕ ಹೋಗಿದ್ದನಂತೆ, ಬಸ್ ಸ್ಟಾಪಿನ ಹೋಟೆಲಿನಲ್ಲಿ ಚಹಾ ಕುಡಿದು, ಅವರ ಮನೆ ಯಾವುದೆಂದು ಕೇಳುವ ಧೈರ್ಯವಾಗದೆ ಅದೇ ದಾರಿಯಲ್ಲಿ ವಾಪಸು ಬಂದಿದ್ದನಂತೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದೆ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಆ ಮಧ್ಯೆ ಮತ್ತೆ ಚರ್ಚೆಯ ದಿನ ಬಂತು. ನಾನು ಪ್ರಬಂಧ ಓದಬೇಕಾಗಿತ್ತು. ಬೆಳಿಗ್ಗೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಪಾಳಿ ಮುಗಿಸಿ ಬಂದ ತಮ್ಮ ಬೂಟು ಬಿಚ್ಚುತ್ತ, “ಏನದು ಅಷ್ಟು ಜೋರು ಓದಾಕತ್ತಿ?” ಎಂದ. ಕೆನಡಾದಲ್ಲಿ ಹೀಗೊಂದು ಕಾಯ್ದೆ ಇದೆ, ಅಲ್ಲಿ ತಪ್ಪಾಯಿತು ಎಂದರೆ ಅದು ಕೋರ್ಟಿನಲ್ಲಿ ಸಾಕ್ಷಿಯಾಗಿ ನಡೆಯುವುದಿಲ್ಲ, ಅದು ಸರಿಯಲ್ಲವೆಂದು ಬರೆದಿದ್ದೇನೆ ಎಂದು ವಿವರಿಸಿದೆ. ಅವನು ಬಿಚ್ಚಿದ ಬೂಟನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದ. ಆಮೇಲೆ, ಅಂಗಡಿಯಲ್ಲಿ ಔಷಧ ಇದೆಯೇ ಎಂದು ಕೇಳುವವನ ಧಾಟಿಯಲ್ಲಿ ಕೇಳಿದ:

“ಅಂಥಾದು ನಮ್ಮಲ್ಲಿ ಐತೇನಕ್ಕಾ?”

ಇಲ್ಲ ಎಂದೆ. ಅವನು ಬೂಟನ್ನು ಮೂಲೆಯಲ್ಲಿಟ್ಟು ಒಳಗೆ ಹೋದ.

ಮುಂದಿನ ಸಾಲಿಗೆ ನಾನು ಹೋಗಲಿಲ್ಲ. ಕಾಯ್ದೆ ಕ್ಷಮೆಯನ್ನು ಅಗ್ಗ ಮಾಡುತ್ತದೆ ಎಂದು ಪುಟಗಟ್ಟಲೆ ಬರೆದಿದ್ದೆ. ನನ್ನ ತಮ್ಮನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅಗ್ಗದ್ದಾಗಿರಲಿಲ್ಲ. ಹೇಳಲು ಮನಸ್ಸಿಲ್ಲದವನಿಗೆ ಯಾವ ಕಾಯ್ದೆಯೂ ಬಾಯಿ ಬಿಡಿಸಲಾರದು. ಹೇಳಲು ಒದ್ದಾಡುವವನ ಬಾಯಿಯ ಮೇಲೆ ಇಟ್ಟ ಕೈಯನ್ನಾದರೂ ಅದು ತೆಗೆಯುತ್ತದೆ. ಅಂಜುವವರೂ ಇರುತ್ತಾರಲ್ಲ ಎಂದಾಗ ನಾನು ಸಿಡುಕಿದ್ದು ನೆನಪಾಗಿ ನಾಚಿಕೆಯಾಯಿತು. ಅಂಜುವವರು ನಮ್ಮ ಮನೆಯಲ್ಲೇ ಮೂವರಿದ್ದೆವು. ನೆಟ್‌ವರ್ಕ್ ಇಲ್ಲವೆಂದು ಒಂದು ಮೆಸೇಜು ಹಾಕಿ ಲ್ಯಾಪ್‌ಟಾಪ್ ಮುಚ್ಚಿದೆ. ಅವತ್ತು ನೆಟ್‌ವರ್ಕ್ ಭರ್ಜರಿಯಾಗಿತ್ತು.

ಒಳಗೆ ಹೋಗಿ ಮಲಗಿದ್ದವನಿಗೆ, “ಏಳು, ಗೊರೇಬಾಳಕ್ಕ ಹೋಗೂಣು,” ಎಂದೆ.

ಅವನು ದಡಕ್ಕನೆ ಎದ್ದು ಕೂತ. “ವಕೀಲರು?”

ಉತ್ತರ ಕೊಟ್ಟವಳು ಅವ್ವ. “ನೌಕರಿ ಹೋದ್ರ ಹೋಗಲಿ. ದುಡದು ತಿನ್ನಾಕ ಕೈ ಅದಾವು. ಹೋಗಿ ಮಾತಾಡ್ಸಿ ಬರ್ರಿ.”

ಟೇಲರ್‌ ಸಾಹೇಬರ ಮನೆ ಮಸೀದಿಯ ಹಿಂದಿನ ಓಣಿಯಲ್ಲಿತ್ತು. ಬಾಗಿಲಲ್ಲಿ ಅವರ ಮಗ ನಿಂತಿದ್ದ, ನನ್ನ ತಮ್ಮನ ಓರಗೆಯವನು. ಹಣೆಯ ಪಟ್ಟಿ ನೋಡಿದೊಡನೆ ಗುರುತು ಹಿಡಿದ. ಬೈಯಲಿಲ್ಲ, ಒಳಗೂ ಕರೆಯಲಿಲ್ಲ. ನಮಗಿಂತ ಅವನಿಗೇ ಹೆಚ್ಚು ಮುಜುಗರವಾದಂತಿತ್ತು.

“ತಪ್ಪು ತಿಳೀಬ್ಯಾಡ್ರಿ ಮೇಡಂ,” ಎಂದ. “ನಮ್ಮ ವಕೀಲರು ನಿಮ್ಮ ಕೂಡ ಮಾತಾಡಬ್ಯಾಡ ಅಂದಾರ. ಮಾತಾಡಿದ್ರ ಕ್ಲೇಮು ಕಚ್ಚಾ ಆಗ್ತೈತಂತ.”

ನನಗೆ ಅಂಥ ಹೊತ್ತಿನಲ್ಲೂ ನಗು ಬಂತು. ಎರಡು ಮನೆಗೆ ಇಬ್ಬರು ವಕೀಲರು, ಇಬ್ಬರದೂ ಒಂದೇ ಮಂತ್ರ. ಅಷ್ಟರಲ್ಲಿ ಒಳಗಿನಿಂದ ಹೆಂಗಸಿನ ದನಿ ದಖ್ಖನಿ ಉರ್ದುವಿನಲ್ಲಿ ಯಾರು ಬಂದದ್ದೆಂದು ಕೇಳಿತು. ಯಾರೂ ಇಲ್ಲ ಎಂದು ಮಗ ಅದೇ ಭಾಷೆಯಲ್ಲಿ ಹೇಳಿದ. ನಾವು ಹಾಗೇ ತಿರುಗಿ ಬರಬೇಕಾಗಿತ್ತೇನೋ. ಆದರೆ ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಗಟ್ಟಿಯಾಗಿ ಹೇಳಿಯೇಬಿಟ್ಟ:

“ನಾನ್ರೀ ಚಾಚಿ. ಬೈಕಿನವ.”

ಒಳಗೆ ಮಂಚ ಕಿರ್ ಎಂದಿತು. “ಒಳಗ ಬಿಡು ಅವನ್ನ,” ಎಂಬ ಮಾತು ಕನ್ನಡದಲ್ಲೇ ಬಂತು.

ಹೊಲಿಗೆ ಯಂತ್ರದ ಪಕ್ಕದ ಮಂಚದ ಮೇಲೆ ಅವರು ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಅರ್ಧ ಎದ್ದು ಕೂತಿದ್ದರು. ತಮ್ಮ ಹತ್ತಿರ ಹೋದ. ಅವರು ಕೈ ಚಾಚಿ ಅವನ ತೋಳು ಹಿಡಿದರು, ಗದ್ದ ಹಿಡಿದರು, ಹಣೆಯ ಪಟ್ಟಿಯನ್ನು ಮೆಲ್ಲಗೆ ಮುಟ್ಟಿದರು. ತರಕಾರಿ ಆರಿಸುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

“ಜೀವಂತ ಅದಿಯೇನಪ್ಪಾ ನೀನು?” ಎಂದರು.

ಅವನು ತಲೆಯಾಡಿಸಿದ.

“ರೋಡಿನ್ಯಾಗ ಬಿದ್ದಿದ್ದಿ, ಮಾರಿ ತುಂಬ ರಗತ, ಅಳ್ಳಾಡಲಿಲ್ಲ. ಇವರು ಅವ ಆರಾಮ ಅದಾನ ಅಂತಾರ. ಆರಾಮ ಇದ್ರ ಮಾತಾಡ್ಸಾಕ ಬರ್ತಿದ್ದಿಲ್ಲೇನು? ಬರಲಿಲ್ಲ ಅಂದಮ್ಯಾಲ ಹುಡುಗ ಹೋಗ್ಯಾನ, ನನ್ನ ಮುಂದ ಮುಚ್ಚಿಡಾಕತ್ತಾರ ಅಂತ ತಿಳಕೊಂಡ್ನಿ. ಬುತ್ತಿ ಡಬ್ಬಿ ಬದುವಿನ ಮ್ಯಾಲ ಮರತು ನಾನ ಹಿಂದಕ ತಿರುಗಿದ್ನೆಪ್ಪಾ. ಒಂದು ಡಬ್ಬಿ ಸಲುವಾಗಿ ಯಾರದೋ ಮಗನ್ನ ಕೊಂದ್ನಿ ಅಂತ ದಿನಾ ಅತ್ತೀನಿ.”

“ಅಮ್ಮೀ,” ಎಂದು ಮಗ ಬಾಗಿಲಿನಿಂದ ತಡೆಯಲು ನೋಡಿದ. “ವಕೀಲರು ಏನಂದಾರ...”

“ವಕೀಲಂದು ಕಾಲು ಮುರದಿಲ್ಲ,” ಎಂದರು ಅವರು. “ನೀ ಹೋಗಿ ಚಹಾಕ್ಕ ಹೇಳು.”

ತಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಚಿಕ್ಕವನಿದ್ದಾಗ ಅಳುತ್ತಿದ್ದಂತೆ ಭುಜ ಕುಣಿಸಿ ಅತ್ತ. ನಾನು ಹೊಲಿಗೆ ಯಂತ್ರಕ್ಕೆ ಆತುಕೊಂಡು ನಿಂತಿದ್ದೆ. ಆ ಮನೆಯಲ್ಲಿ ನನಗಾದಷ್ಟು ನಿರಾಳ ನನಗೆ ಹಿಂದೆಂದೂ ಆಗಿರಲಿಲ್ಲ. ನೌಕರಿಯ ವಿಚಾರ ಒಮ್ಮೆಯೂ ತಲೆಗೆ ಬರಲಿಲ್ಲ.

ಇನ್ಶೂರೆನ್ಸ್ ಕ್ಲೇಮು ಆಮೇಲೂ ನಡೆಯಿತು, ನಡೆಯಬೇಕಾದ್ದೇ. ಅದಕ್ಕೆ ಬೇಕಾದ ಕಾಗದಪತ್ರಗಳಿಗೆ ಆ ಮನೆಯ ಮಗನೂ ನನ್ನ ತಮ್ಮನೂ ಒಂದೇ ಬೈಕಿನಲ್ಲಿ ಓಡಾಡಿದರು. ಅದನ್ನು ಕಂಡು ಇಬ್ಬರು ವಕೀಲರೂ ಮುಖ ಸಿಂಡರಿಸಿದರಂತೆ. ಕಾಲು ಕೂಡಿಕೊಳ್ಳುತ್ತಿದೆ ಎಂದು ಡಾಕ್ಟರು ಹೇಳಿದ ದಿನ ತಮ್ಮ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಮುಂದಿನ ಚರ್ಚೆಯಲ್ಲಿ ನಾನು ಹಳೆಯ ಪ್ರಬಂಧ ಓದದೆ ಇಷ್ಟನ್ನೂ ಹೇಳಿದೆ. ಕೆನಡಾದ ಪ್ರಾಧ್ಯಾಪಕಿ ಗಮನವಿಟ್ಟು ಕೇಳಿ, ಶಾಸ್ತ್ರ ಗೊತ್ತಿರುವವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು: ಕೊನೆಗೆ ಇಬ್ಬರಲ್ಲಿ ಕ್ಷಮೆ ಕೇಳಿದವರು ಯಾರು, ಕ್ಷಮಿಸಿದವರು ಯಾರು?

ನಾನು ನೆನಪಿಸಿಕೊಳ್ಳಲು ನೋಡಿದೆ. ತಮ್ಮ ಅಳು ನುಂಗಿಕೊಂಡು ಮುಖ ಎತ್ತಿದ, ಚಾಚಿ ಅವನ ಕಡೆಗೆ ಬಾಗಿದರು, ‘ತಪ್ಪಾತು’ ಎಂಬ ಮಾತು ಎರಡು ಬಾಯಿಂದ ಒಟ್ಟಿಗೇ ಬಂತು. ನಾನು ಅಲ್ಲೇ ಇದ್ದೆ, ನನ್ನ ಕಿವಿ ಚೆನ್ನಾಗಿಯೇ ಇವೆ. ಆದರೆ ಯಾರು ಮೊದಲು ಅಂದರೆಂದು ಕಟಕಟೆಯಲ್ಲಿ ನಿಲ್ಲಿಸಿ, ಪ್ರಮಾಣ ಮಾಡಿಸಿ ಕೇಳಿದರೂ ನಾನು ಹೇಳಲಾರೆ.