ಹೊರಗೆ ಕೂತು ಬರೆದ ದೀಪ

ಕಳೆದ ಜನವರಿಯ ಎರಡನೇ ಶನಿವಾರ ರಾತ್ರಿ, ದೆಹಲಿಯ ದ್ವಾರಕಾದಲ್ಲಿರುವ ನಮ್ಮ ಫ್ಲಾಟಿನ ಹೊಸ್ತಿಲ ಮುಂದೆ ಯಾರೋ ಒಂದು ರಂಗೋಲಿ ಬರೆದು ಹೋದರು.

ಇದು ನಡೆದದ್ದು. ನಾನು ದೆಹಲಿಯ ಸುದ್ದಿಮನೆಗಳಲ್ಲಿ ರಾತ್ರಿ ಪಾಳಿ ಮಾಡಿಕೊಂಡೇ ತಲೆ ನರೆಸಿಕೊಂಡವನು. ವರದಿಯಲ್ಲಿ ‘ಎನ್ನಲಾಗಿದೆ’ ಕಂಡರೆ, ಹಾಗೆ ಅಂದವರು ಯಾರು ಎಂದು ಕೇಳುವುದು ನನ್ನ ಕೆಲಸ. ಇಲ್ಲಿಯೂ ನಾನು ಕಂಡದ್ದನ್ನು ಕಂಡೆ ಎಂದು, ಸುಮತಿ ಹೇಳಿದ್ದನ್ನು ಸುಮತಿ ಹೇಳಿದಳು ಎಂದು ಬರೆಯುತ್ತೇನೆ. ಸುಮತಿ ನನ್ನ ಹೆಂಡತಿ.

ನಮಗೆ ಒಬ್ಬಳೇ ಮಗಳು, ಚಿನ್ಮಯಿ. ಮನೆಯಲ್ಲಿ ಚಿನ್ನು. ಫಿಸಿಯೋಥೆರಪಿಯಲ್ಲಿ ಮುಂದೆ ಓದಲು ಸ್ಕಾಟ್ಲೆಂಡಿಗೆ ಹೋದಳು. ಸಮುದ್ರದ ಪಕ್ಕದ ಸಣ್ಣ ಊರು, ಕಪ್ಪಗಾದ ಕಲ್ಲಿನ ಕಟ್ಟಡಗಳು. ಊರಿನ ಹೆಸರು ಬರೆಯುವುದಿಲ್ಲ. ಓದಿನ ಜೊತೆ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಿದ್ದಳು. ಕೆಲಸ ಮುಗಿಸಿ ರೂಮಿಗೆ ನಡೆದು ಹೋಗುವಾಗ ಅಮ್ಮನಿಗೆ ವಿಡಿಯೊ ಕಾಲ್. ಅಲ್ಲಿ ಸಂಜೆ, ಇಲ್ಲಿ ನಡುರಾತ್ರಿ. ನಾನು ನೋಯ್ಡಾದ ಆಫೀಸಿನಲ್ಲಿ ಪುಟ ಮುಗಿಸುತ್ತಿರುವ ಹೊತ್ತು. ಹಾಗಾಗಿ ಆ ಕಾಲ್‌ಗಳಲ್ಲಿ ನಾನು ಒಮ್ಮೆಯೂ ಇರಲಿಲ್ಲ.

ಸುಮತಿ ಹೇಳುವಂತೆ, ಚಿನ್ನು ಫೋನನ್ನು ರಸ್ತೆಯ ಕಡೆ ತಿರುಗಿಸಿ ಹಿಡಿದು ನಡೆಯುತ್ತಿದ್ದಳು. ‘ಅಮ್ಮ, ಯೇ ದೇಖೋ, ಹಳೇ ಮೀನು ಮಾರ್ಕೆಟ್. ಇದು ಗಡಿಯಾರದ ಗೋಪುರ, ಟೈಮ್ ತಪ್ಪು ತೋರಿಸುತ್ತೆ, ಯಾರೂ ಸರಿ ಮಾಡಲ್ಲ.’ ಪಾಸ್‌ಪೋರ್ಟನ್ನೇ ಮಾಡಿಸದ ಸುಮತಿ ಕೆಲವೇ ತಿಂಗಳಲ್ಲಿ ಆ ಊರಿನ ಬೀದಿಗಳನ್ನು ಕಲಿತುಬಿಟ್ಟಳು.

ಆ ರಂಗೋಲಿಗೂ ಹಿಂದಿನ ಚಳಿಗಾಲದಲ್ಲಿ, ಹಿಮ ಗಟ್ಟಿಯಾಗಿದ್ದ ರಸ್ತೆಯಲ್ಲಿ ಒಂದು ವ್ಯಾನ್ ಜಾರಿ ಚಿನ್ನುವಿಗೆ ಗುದ್ದಿತು. ವೃದ್ಧಾಶ್ರಮದ ಗೇಟಿನ ಹತ್ತಿರವೇ. ಆ ರಾತ್ರಿ ಸುಮತಿ ಫೋನ್ ಹಿಡಿದು, ಕಾಲ್ ಬರಲಿ ಎಂದು ಬೆಳಗಿನವರೆಗೆ ಕೂತಿದ್ದಳು.

ಅಂತ್ಯಕ್ರಿಯೆ ಇಲ್ಲೇ ಆಯಿತು. ಅವಳ ಸಾಮಾನು ಆಮೇಲೆ ಬಂತು. ಬಟ್ಟೆ, ಪುಸ್ತಕ, ಒಡೆದ ಫೋನು, ಒಂದು ಪ್ರೆಶರ್ ಕುಕ್ಕರ್. ನಮ್ಮ ಮನೆಯ ಕೀಲಿಯೊಂದು ಅವಳ ಹತ್ತಿರ ಸದಾ ಇರುತ್ತಿತ್ತು, ಅಲ್ಲಿಗೂ ಒಯ್ದಿದ್ದಳು. ಅದು ಬರಲಿಲ್ಲ.

ಕೀಲಿಯ ಬಗ್ಗೆ ಒಂದು ಮಾತು. ಕೊನೆಗೆ ಬಂದವರು ಒಳಗಿನ ಚಿಲಕ ಹಾಕಬೇಕು ಅನ್ನುವುದು ನಮ್ಮ ಮನೆಯ ನಿಯಮ. ರಾತ್ರಿ ಪಾಳಿಯವನಾದ್ದರಿಂದ ಕೊನೆಗೆ ಬರುವವನು ನಾನೇ. ಚಿನ್ನು ಕಾಲೇಜಿನಲ್ಲಿದ್ದಾಗ ಒಮ್ಮೊಮ್ಮೆ ನನಗಿಂತ ತಡವಾಗಿ ಬರುತ್ತಿದ್ದಳು. ನಾನು ನೋಡದೆ ಚಿಲಕ ಹಾಕಿ ಮಲಗಿರುತ್ತಿದ್ದೆ. ಹೊರಗೆ ಕೀಲಿ ತಿರುಗುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಆಮೇಲೆ ನನ್ನ ಫೋನು.

‘ಅಪ್ಪ, ಫಿರ್ ಸೇ ಚಿಲಕ? ನನ್ನನ್ನ ಮನೆಯಿಂದ ಹೊರಗೆ ಹಾಕೋ ಪ್ಲಾನಾ?’

ಇನ್ನೊಂದು, ರಂಗೋಲಿಯದು. ಅವಳಿಗೆ ಬರುತ್ತಿದ್ದದ್ದು ಒಂದೇ ಚಿತ್ರ, ಹಣತೆ. ನಮ್ಮ ಕಾರಿಡಾರು ಇಕ್ಕಟ್ಟು, ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡ್ ಬೇರೆ. ಅದಕ್ಕೆ ಚಿನ್ನು ಬಾಗಿಲ ಒಳಗೇ ಕೂತು, ಕೈ ಹೊರಗೆ ಚಾಚಿ ಬರೆಯುತ್ತಿದ್ದಳು. ಹಾಗೆ ಬರೆದರೆ ದೀಪದ ಕುಡಿ ಹೊರಗೆ, ಲಿಫ್ಟಿನ ಕಡೆಗಿರುತ್ತದೆ. ಒಳಗಿನವರಿಗೆ ನೆಟ್ಟಗೆ, ಬರುವವರಿಗೆ ತಲೆಕೆಳಗು.

‘ರಂಗೋಲಿ ಬರೋರಿಗೆ ಕಾಣಬೇಕು ಕಣೆ,’ ಎಂದು ಸುಮತಿ ಪ್ರತಿ ಹಬ್ಬಕ್ಕೂ ಹೇಳುತ್ತಿದ್ದಳು.

‘ನಾನು ಒಳಗಿರೋಳಲ್ವಾ ಅಮ್ಮ? ನನಗೆ ಕಂಡ್ರೆ ಸಾಕು.’

ಮಗಳು ಹೋದ ಮೇಲೆ ಸುಮತಿ ನಡುರಾತ್ರಿ ಎಚ್ಚರವಾಗಿರುವುದನ್ನು ಬಿಡಲಿಲ್ಲ. ಆ ಊರಿನವರ ಒಂದು ಗುಂಪು ಇಂಟರ್‌ನೆಟ್ಟಿನಲ್ಲಿದೆ. ಹಳೆಯ ಕಟ್ಟಡಗಳು, ಬೀದಿಗಳು, ಮುಚ್ಚಿಹೋದ ಅಂಗಡಿಗಳ ಫೋಟೊ ಹಾಕಿ ನೆನಪು ಹಂಚಿಕೊಳ್ಳುತ್ತಾರೆ. ಹೆಚ್ಚಿನವರು ವಯಸ್ಸಾದವರು. ಸುಮತಿ ಅದರಲ್ಲಿ ಸೇರಿಕೊಂಡಳು. ಮೊದಲು ಓದುತ್ತಿದ್ದಳು. ಆಮೇಲೆ ತನ್ನ ಸರಳ ಇಂಗ್ಲಿಷಿನಲ್ಲಿ ಬರೆಯತೊಡಗಿದಳು. ‘ಈ ಸೇತುವೆಯ ಕಂಬಿ ತುಂಬಾ ತಣ್ಣಗಿರುತ್ತದೆ, ನನ್ನ ಮಗಳು ಮುಟ್ಟಿ ಹೇಳಿದ್ದಳು.’ ಅವರು ಪ್ರೀತಿಯಿಂದಲೇ ಉತ್ತರ ಕೊಡುತ್ತಿದ್ದರು.

ಆ ಜನವರಿಯ ಮೊದಲ ವಾರ ಯಾರೋ ಒಂದು ಕಪ್ಪು-ಬಿಳುಪು ಫೋಟೊ ಹಾಕಿದರು. ಎರಡೂ ಕಡೆ ಎತ್ತರದ ಕಲ್ಲಿನ ಮನೆಗಳು, ನಡುವೆ ಕಿರಿದಾದ ಓಣಿ. ಈ ಓಣಿ ಯಾರಿಗಾದರೂ ನೆನಪಿದೆಯೇ ಎಂದು ಕೇಳಿದ್ದರು.

ಸುಮತಿ ಬರೆದಳು: ‘ನನಗೆ ಗೊತ್ತು. ನನ್ನ ಮಗಳು ದಿನಾ ಇದರೊಳಗಿಂದಲೇ ಮನೆಗೆ ಹೋಗುತ್ತಿದ್ದಳು. ಮೂರನೇ ಬಾಗಿಲ ಮೆಟ್ಟಿಲಿನ ಒಂದು ಮೂಲೆ ಒಡೆದಿದೆ. ಪಕ್ಕದಲ್ಲಿ ಬೂಟಿನ ಕೆಸರು ಕೆರೆಯುವ ಕಬ್ಬಿಣದ ಪಟ್ಟಿ. ಒಬ್ಬ ಹೆಂಗಸು ಮಂಡಿಯೂರಿ ಮೆಟ್ಟಿಲಿಗೆ ಬಿಳಿ ಬಳ್ಳಿ ಬರೆಯುತ್ತಿರುತ್ತಾರೆ.’

ಐಲೀನ್ ಎಂಬ ವೃದ್ಧೆ ಉತ್ತರಿಸಿದರು. ಮೂರನೇ ಬಾಗಿಲು ಅವರ ಮನೆಯದು. ಅವರ ತಾಯಿ ಬಿಳಿ ಜೇಡಿಮಣ್ಣಿನ ಉಂಡೆಯಿಂದ ಮೆಟ್ಟಿಲಿನ ಅಂಚಿಗೆ ಬಳ್ಳಿ ಬರೆಯುತ್ತಿದ್ದರು. ಆಗ ಅಲ್ಲಿ ಅನೇಕ ಮನೆಗಳಲ್ಲಿ ಆ ಪದ್ಧತಿ ಇತ್ತು, ಕೆಟ್ಟದ್ದು ಒಳಗೆ ಬರಬಾರದೆಂದು. ಒಡೆದ ಮೂಲೆಯೂ ನಿಜ, ಕಬ್ಬಿಣದ ಪಟ್ಟಿಯೂ ನಿಜ. ‘ಆದರೆ ಆ ಓಣಿಯನ್ನು ನಾನು ಚಿಕ್ಕವಳಿದ್ದಾಗಲೇ ಕೆಡವಿದರು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.’

ನಾನು ಪರಿಶೀಲಿಸಿದೆ. ಉಪಗ್ರಹ ನಕ್ಷೆಯಲ್ಲಿ ಡಾಂಬರು, ಹಳದಿ ಗೆರೆಗಳು, ಕಾರುಗಳು. ಗುಂಪಿನ ಹಳೆಯ ಪೋಸ್ಟುಗಳಲ್ಲಿ ಕೆಡವುವ ದಿನದ ಚಿತ್ರವೂ ಸಿಕ್ಕಿತು. ಸುಮತಿ ಹೇಳಿದ ಕಬ್ಬಿಣದ ಪಟ್ಟಿ ಯಾವ ಫೋಟೊದಲ್ಲೂ ಕಾಣಲಿಲ್ಲ. ಓಣಿಯ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಮೂರನೇ ಮೆಟ್ಟಿಲ ಅಂಚಿನಲ್ಲಿ ಬಿಳಿ ಸುರುಳಿಗಳಿದ್ದವು. ನಡುವೆ ಹಣತೆಯಂಥದ್ದೊಂದು ಆಕಾರ, ಕುಡಿ ಬಾಗಿಲಿಗೆ ಬೆನ್ನು ಮಾಡಿ ಬೀದಿಯ ಕಡೆಗೆ. ಅದು ಹಳೆಯ ಫೋಟೊದ ಕಲೆಯೂ ಇರಬಹುದು.

ಅದನ್ನು ಸುಮತಿಗೆ ತೋರಿಸಲಿಲ್ಲ.

ಆ ಶನಿವಾರ ನನಗೆ ರಜೆ. ಊಟಕ್ಕೆ ಕೂತಾಗ ಮಾತು ತೆಗೆದೆ.

‘ಸುಮತಿ, ಆ ಓಣಿ ಇಲ್ಲ.’

‘ಗೊತ್ತು. ಐಲೀನ್ ಅವರು ಹೇಳಿದ್ರಲ್ಲ.’

‘ಮತ್ತೆ?’

‘ಮತ್ತೇನು? ಅವಳು ತೋರಿಸಿದ್ದನ್ನ ನಾನು ಬರೀತೀನಿ. ಇಲ್ಲೂ ಆಫೀಸಿನ ಡೆಸ್ಕ್ ಹಾಕ್ಕೊಂಡು ನಾನು ಬರೆದದ್ದನ್ನ ಕಟ್ ಮಾಡಬೇಡಿ.’

‘ಯಾವುದೋ ಹಳೇ ಪೋಸ್ಟ್ ಓದಿರ್ತೀಯ. ಅದು ಅವಳ ಮಾತಿನ ಜೊತೆ ಕಲಸಿಹೋಗಿದೆ.’

‘ನಿಮಗೆ ಯಾವ ಸುದ್ದಿಗೂ ಎರಡು ಮೂಲ ಬೇಕಲ್ವಾ? ನಾನೊಬ್ಬಳು, ಐಲೀನ್ ಒಬ್ಬರು. ಆಯ್ತಲ್ಲ.’ ಅವಳು ನಗಲು ನೋಡಿದಳು. ಆಗಲಿಲ್ಲ.

‘ಹೀಗೇ ಆದ್ರೆ ಹುಷಾರು ತಪ್ತೀಯ. ಆ ಗುಂಪು ಬಿಟ್ಟುಬಿಡು. ನನಗೋಸ್ಕರ.’

ಸುಮತಿ ತಟ್ಟೆಯಲ್ಲಿದ್ದ ಮೊಸರನ್ನವನ್ನು ಬೆರಳಿನಿಂದ ಒಂದು ಕಡೆ ಸರಿಸುತ್ತ ಕೂತಳು.

‘ರೀ, ನಿಮಗೆ ಅವಳು ಈ ಮನೇಲೆಲ್ಲಾ ಸಿಗ್ತಾಳೆ. ನನಗೆ ಇಲ್ಲಿ ಎಲ್ಲೂ ಸಿಗಲ್ಲ. ಅಲ್ಲಿ ಮಾತ್ರ ನಡೀತಾ ಇರ್ತಾಳೆ. ಅದನ್ನೂ ಮುಚ್ಚಿಬಿಡಲಾ?’

ಅವಳು ಕೈ ತೊಳೆದು ಬಂದು, ನನ್ನ ಎದುರೇ ಗುಂಪಿನಿಂದ ಹೊರಬಂದಳು. ಫೋನನ್ನು ಬೀರುವಿನಲ್ಲಿಟ್ಟು ಮಲಗಿದಳು. ಮಗಳು ಹೋದ ಮೇಲೆ ಅವಳು ನಡುರಾತ್ರಿಗೆ ಮೊದಲು ಮಲಗಿದ್ದು ಅದೇ ಮೊದಲು.

ನಾನು ಬಾಗಿಲಿಗೆ ಬೀಗ ಹಾಕಿ, ಒಳಗಿನ ಚಿಲಕವನ್ನೂ ಹಾಕಿದೆ.

ಹೊರಗೆ ದಟ್ಟ ಮಂಜು. ಕೆಳಗೆ ಗಾರ್ಡ್ ಸೀಟಿ ಊದುತ್ತ ಸುತ್ತು ಹಾಕುತ್ತಿದ್ದ. ಆ ಸದ್ದು ದೂರ ಹೋಗಿ ನಿಂತಿತು. ನನಗೆ ನಿದ್ದೆ ಬಂದಿರಲಿಲ್ಲ...

ಮೊದಲು ಬಂದದ್ದು ವಾಸನೆ. ಒದ್ದೆ ಕಲ್ಲಿದ್ದಲಿನ ಹೊಗೆ. ಚಳಿಗಾಲದ ದೆಹಲಿಯಲ್ಲಿ ಹೊಗೆ ಹೊಸದಲ್ಲ, ಆದರೆ ಇದರ ಜೊತೆ ಉಪ್ಪುಗಾಳಿ ಇತ್ತು. ನಾನು ಮಂಗಳೂರಿನಲ್ಲಿ ಓದಿದವನು, ಸಮುದ್ರದ ವಾಸನೆ ಗೊತ್ತು.

ಲಿಫ್ಟ್ ಬಂದು ನಿಂತಿತು. ಅದರ ಕಬ್ಬಿಣದ ಗೇಟು ಎಳೆದ ಸದ್ದು. ಕಾರಿಡಾರಿನಲ್ಲಿ ಹೆಜ್ಜೆಗಳು, ಬೂಟಿನವು. ನಮ್ಮ ಬಾಗಿಲ ಮುಂದೆ ನಿಂತವು. ಕರ್... ಕರ್... ಕೆಸರು ಮೆತ್ತಿದ ಬೂಟನ್ನು ಕಬ್ಬಿಣಕ್ಕೆ ಉಜ್ಜಿದ ಹಾಗೆ. ನಮ್ಮ ಬಾಗಿಲಲ್ಲಿ ಅಂಥ ಪಟ್ಟಿ ಇಲ್ಲ.

ಆಮೇಲೆ ಕೀಲಿ ತಿರುಗಿತು.

ಸರಾಗವಾಗಿ ತಿರುಗಿತು. ಬಾಗಿಲು ಒಂದು ಕೂದಲೆಳೆಯಷ್ಟು ಒಳಗೆ ಬಂದು, ಚಿಲಕಕ್ಕೆ ತಾಗಿ ನಿಂತಿತು. ಮತ್ತೊಮ್ಮೆ ತಳ್ಳಿದ ಸದ್ದು. ಜೋರಾಗಿ ಅಲ್ಲ. ಮಲಗಿದವರಿಗೆ ಎಚ್ಚರವಾಗಬಾರದು ಅನ್ನುವಷ್ಟು ಮೆಲ್ಲಗೆ.

ನನಗೆ ಏಳಲು ಆಗಲಿಲ್ಲ. ಭಯದಿಂದ ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ದಿಂಬಿನ ಪಕ್ಕ ನನ್ನ ಫೋನಿತ್ತು. ಅದು ಈಗ ಹೊಡೆದುಕೊಳ್ಳುತ್ತದೆ ಎಂದು ಅದನ್ನೇ ನೋಡುತ್ತಿದ್ದೆ. ಹೊಡೆದುಕೊಳ್ಳಲಿಲ್ಲ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೆಲದ ಮೇಲೆ ಏನೋ ಎಳೆಯುವ ಸದ್ದು ಶುರುವಾಯಿತು. ಸರ್ರ್... ನಿಂತು... ಮತ್ತೆ ಸರ್ರ್... ಕಲ್ಲಿನ ಮೇಲೆ ಸೀಮೆಸುಣ್ಣ ಎಳೆದಂತೆ. ನಿಧಾನವಾಗಿ, ಆತುರವಿಲ್ಲದೆ.

ಪಕ್ಕದಲ್ಲಿ ಸುಮತಿ ಗಾಢ ನಿದ್ದೆಯಲ್ಲಿದ್ದಳು. ಇದನ್ನು ನಾನು ನೋಡಿ ಖಚಿತಪಡಿಸಿಕೊಂಡೆ.

ಸದ್ದು ನಿಂತ ಮೇಲೆ ಎದ್ದು ಹೋದೆ. ಚಿಲಕ ಹಾಕಿದಂತೆಯೇ ಇತ್ತು. ಬೀಗ ಮಾತ್ರ ತೆರೆದಿತ್ತು. ಚಿಲಕ ತೆಗೆದೆ.

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಮಂಜು ಮಹಡಿಯ ಕಿಟಕಿಯಿಂದ ಒಳಗೆ ಬಂದು ಲೈಟಿನ ಕೆಳಗೆ ನಿಂತಿತ್ತು. ಹೊಸ್ತಿಲ ಮುಂದೆ, ಟೈಲ್ಸಿನ ಮೇಲೆ, ಅಂಚಿನುದ್ದಕ್ಕೂ ಬಿಳಿ ಸುರುಳಿ ಬಳ್ಳಿ. ನಡುವೆ ಹಣತೆ. ರಂಗೋಲಿ ಪುಡಿಯಲ್ಲ, ಒದ್ದೆ ಜೇಡಿ. ಇನ್ನೂ ಆರಿರಲಿಲ್ಲ.

ದೀಪದ ಕುಡಿ ನಮ್ಮ ಬಾಗಿಲಿನ ಕಡೆಗಿತ್ತು.

ಹಿಂದೆ ಸುಮತಿ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಅವಳು ನನ್ನನ್ನು ದಾಟಿ ಹೋಗಿ, ಮಂಡಿಯೂರಿ ಕೂತು ನೋಡಿದಳು. ಮುಟ್ಟಲಿಲ್ಲ.

‘ಹೊರಗೆ ಕೂತು ಬರೆದಿದ್ದಾಳೆ,’ ಅಂದಳು.

ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

‘ಯಾಕ್ರೀ ಚಿಲಕ ಹಾಕಿದ್ರಿ?’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದಳು.

ಆಮೇಲೆ ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಕೆಳಗೆ ಹೋಗಿ ಗಾರ್ಡನ್ನು ಕೇಳಿದೆ.

‘ಕೋಯಿ ನಹೀ ಆಯಾ ಸಾಬ್,’ ಎಂದ. ‘ಈ ಮಂಜಲ್ಲಿ ನಾಯಿ ಕೂಡ ಹೊರಗೆ ಬಂದಿಲ್ಲ.’ ನಂತರ ನನ್ನ ಕಾಲು ನೋಡಿ, ಚಪ್ಪಲಿ ಹಾಕಿಕೊಂಡು ಬರಬಾರದಿತ್ತೇ ಎಂದು ಬೈದ. ಗೇಟಿನ ಕ್ಯಾಮೆರಾದಲ್ಲಿ ಬರೀ ಮಂಜು. ನಮ್ಮ ಮಹಡಿಯ ಕ್ಯಾಮೆರಾ ದೀಪಾವಳಿಯಿಂದಲೇ ಕೆಟ್ಟಿತ್ತು. ಎದುರು ಮನೆಯವರು ಮದುವೆಗೆಂದು ಊರಿಗೆ ಹೋಗಿದ್ದರು.

ಸುಮತಿ ಬೀರುವಿನಿಂದ ಫೋನ್ ತೆಗೆದು, ಮತ್ತೆ ಗುಂಪಿಗೆ ಸೇರಿ, ಹೊಸ್ತಿಲಿನ ಫೋಟೊವನ್ನು ಐಲೀನ್‌ಗೆ ಕಳಿಸಿದಳು. ಬೇರೆ ಏನೂ ಬರೆಯಲಿಲ್ಲ. ಬೆಳಗಿನ ಜಾವ ಉತ್ತರ ಬಂತು. ಅದನ್ನು ನಾನೇ ಓದಿದ್ದೇನೆ.

‘ಅಂಚಿನ ಬಳ್ಳಿ ನನ್ನ ಅಮ್ಮನದು. ಮೂಲೆಯಲ್ಲಿ ಸುರುಳಿಯನ್ನು ಒಳಗೆ ತಿರುಗಿಸುತ್ತಿದ್ದವರು ನಮ್ಮ ಓಣಿಯಲ್ಲಿ ಅವರೊಬ್ಬರೇ. ಇದನ್ನು ನಿಮಗೆ ಯಾರು ಕಲಿಸಿದರು? ನಡುವೆ ಇರುವುದು ಏನೆಂದು ನನಗೆ ತಿಳಿಯಲಿಲ್ಲ.’

ಸುಮತಿ ಏನು ಉತ್ತರ ಕೊಟ್ಟಳೆಂದು ನಾನು ಕೇಳಿಲ್ಲ.

ಬೆಳಿಗ್ಗೆ ಮಹಡಿ ಒರೆಸುವವನು ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ‘ಭಯ್ಯಾ, ಇಷ್ಟು ಜಾಗ ಬಿಟ್ಟುಬಿಡಿ.’ ಅವನು ಬಿಟ್ಟ. ಜೇಡಿ ಆರಿ ಪುಡಿಯಾಗಿ, ಹೋಳಿ ಹುಣ್ಣಿಮೆ ಹೊತ್ತಿಗೆ ಗಾಳಿಗೆ ಹೋಯಿತು. ಅಲ್ಲಿ ಮತ್ತೆ ಯಾರೂ ಏನೂ ಬರೆದಿಲ್ಲ. ಕೀಲಿ ಸಿಕ್ಕಿಲ್ಲ. ವೃದ್ಧಾಶ್ರಮದವರಿಗೆ, ಅವಳ ರೂಮಿನ ಮಾಲೀಕರಿಗೆ ನಾನು ಬರೆದು ಕೇಳಿದ್ದೇನೆ. ಇಬ್ಬರೂ ಇಲ್ಲ ಎಂದಿದ್ದಾರೆ.

ನಾನು ಈಗಲೂ ರಾತ್ರಿ ಪಾಳಿಯಲ್ಲಿದ್ದೇನೆ. ಈಗಲೂ ಮನೆಗೆ ಕೊನೆಗೆ ಬರುವವನು ನಾನೇ. ನಿನ್ನೆ ರಾತ್ರಿ ಬಂದಾಗಲೂ ಬಾಗಿಲು ಮುಂದಕ್ಕೆ ಮಾಡಿ ಮಲಗಿದೆ. ಚಿಲಕ ಹಾಕಲಿಲ್ಲ.