ಸಾಬಾಟೀನೊನ ಎಲುಬು ತೊಳೆಯುವ ದಿನ

ನಮ್ಮ ಓಣಿಯ ಸಾಬಾಟೀನೊ ನೇಪಲ್ಸ್ ಬಂದರಿನ ದಂಡನಾಯಕ. ಅವನನ್ನು ಯಾರೂ ನೇಮಿಸಿರಲಿಲ್ಲ, ಆ ಮಾತು ಬೇರೆ. ಹಡಗಿನಿಂದ ಪ್ರವಾಸಿಗರು ಇಳಿದ ಕೂಡಲೇ ಮುರುಕು ಕೊಡೆಯನ್ನು ಕತ್ತಿಯಂತೆ ಎತ್ತಿ ಹಿಡಿದು, ಬಿಸಿಲಿಗೆ ಕೆಂಪಾದ ಆ ಸೈನ್ಯದೊಂದಿಗೆ ವೆಸುವಿಯಸ್ ಎಂಬ ಬೆಂಕಿಬೆಟ್ಟದ ಮೇಲೆ ದಂಡೆತ್ತಿ ಹೋಗುತ್ತಿದ್ದ. ಬೆಟ್ಟದ ಬಾಯಿಯ ಅಂಚಿನಲ್ಲಿ ನಿಂತು, "ನಮ್ಮಜ್ಜ ಚುಟ್ಟಾ ಹಚ್ಕೊಳ್ತಾ ಇದ್ದದ್ದು ಇಲ್ಲೇ" ಎನ್ನುತ್ತಿದ್ದ. ಬೆಟ್ಟ ಆಕ್ಷೇಪಿಸುತ್ತಿರಲಿಲ್ಲ, ಅದಕ್ಕೆ ನಿದ್ದೆ.

ಲೋಕಕ್ಕೆಲ್ಲ ಬೆಟ್ಟ ತೋರಿಸಿದವನು ಹೆಂಡತಿ ನುನ್ಸಿಯಾಳಿಗೆ ಮಾತ್ರ ತೋರಿಸಲಿಲ್ಲ. ಮದುವೆಯಾದಾಗಿನಿಂದ "ಬರೋ ಭಾನುವಾರ" ಎನ್ನುತ್ತಲೇ ಬಂದ. ದೊಡ್ಡ ಹಡಗುಗಳು ಬರುವುದೂ ಭಾನುವಾರವೇ. ಅಡುಗೆಮನೆಯ ಕಿಟಕಿಯಲ್ಲಿ ಕಾಣುವ ಬೆಟ್ಟದ ನೆತ್ತಿಯಷ್ಟನ್ನೇ ನೋಡುತ್ತಾ ಅವಳು ಮುದುಕಿಯಾದಳು. ಕೊನೆಗೊಂದು ಭಾನುವಾರ ಹೊಸ ಬೂಟು ತೊಟ್ಟು ಸಿದ್ಧಳಾಗಿ ನಿಂತವಳಿಗೆ ಮತ್ತದೇ ಉತ್ತರ. ಅವಳು ಬಾಲ್ಕನಿಗೆ ಬಂದು ಇಡೀ ಓಣಿಗೆ ಕೇಳುವಂತೆ ಕೂಗಿದಳು: "ಹೋಗು! ಸತ್ತ ಮೇಲೆ ಮಣ್ಣೂ ನಿನ್ನ ಮುಟ್ಟದೇ ಇರ್ಲಿ!"

ಅವನು ಕೊಡೆ ಎತ್ತಿ ಸಲಾಮು ಹೊಡೆದು ಹೋದ. ಮಧ್ಯಾಹ್ನ ಹಡಗುಕಟ್ಟೆಯಲ್ಲಿ ಕುಸಿದು ಸತ್ತ. ಅದೂ ಆಟದ ಭಾಗವೆಂದು ತಿಳಿದು ಪ್ರವಾಸಿಗರು ಚಪ್ಪಾಳೆ ತಟ್ಟಿದರಂತೆ.

ನಮ್ಮಲ್ಲಿ ಸತ್ತವರನ್ನು ಒಮ್ಮೆ ಹೂತರೆ ಮುಗಿಯುವುದಿಲ್ಲ. ಕೆಲವು ವರ್ಷ ಬಿಟ್ಟು ಅಗೆದು, ಎಲುಬು ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ಸ್ಮಶಾನದ ಗೋಡೆಯ ಗೂಡಿನಲ್ಲಿ ಇಡಬೇಕು. ಎಲುಬು ಒಣಗಿ ಬೆಳ್ಳಗಾಗಿದ್ದರೆ ಜೀವಕ್ಕೆ ನೆಮ್ಮದಿ ಸಿಕ್ಕಿತೆಂದು ಲೆಕ್ಕ. ಮೈ ಮಣ್ಣಾಗದೆ ಹಾಗೇ ಉಳಿದಿದ್ದರೆ ಅದು ಇನ್ನೂ ನರಳುತ್ತಿದೆ. ಆ ದಿನ ಹತ್ತಿರವಾದಂತೆ ನುನ್ಸಿಯಾ ಮದುವೆಗೆ ತಂದಿದ್ದ ಬಿಳಿ ಹೊದಿಕೆಯನ್ನು ಒಗೆದು ಇಸ್ತ್ರಿ ಮಾಡಿಟ್ಟಳು. ಊಟ ಬಿಟ್ಟಳು. "ನನ್ನ ಮಾತು ತಟ್ಟಿಬಿಟ್ಟಿದ್ರೆ ಏನು ಮಾಡ್ಲಿ?" ಎಂದು ಪಕ್ಕದ ಮನೆಯವನಾದ ನನ್ನನ್ನು ದಿನಾ ಕೇಳುತ್ತಿದ್ದಳು.

"ದೊನ್ನಾ ನುನ್ಸಿಯಾ, ನಿಮ್ಮ ಬಾಯಿಗೆ ಅಷ್ಟು ಶಕ್ತಿ ಇದ್ದಿದ್ರೆ ನಿಮ್ಮತ್ತೆ ತೊಂಬತ್ತು ವರ್ಷ ಬದುಕ್ತಿದ್ರಾ?" ಎಂದೆ.

ಅವಳು ನಗಲಿಲ್ಲ.

ಸ್ಮಶಾನಕ್ಕೆ ಅವಳೊಂದಿಗೆ ನಾನೂ ಹೋದೆ. ತೂಕದಲ್ಲಿ ಮೋಸ ಮಾಡಿಯೇ ಬಾಳಿದ ನಮ್ಮ ಓಣಿಯ ಕಟುಕ, ಅದೇ ಬೆಳಿಗ್ಗೆ ಪಕ್ಕದ ಗುಂಡಿಯಿಂದ ಹಿಟ್ಟಿನಷ್ಟು ಬೆಳ್ಳಗೆ ಎದ್ದು ಬಂದಿದ್ದ. ಗಂಡ ಮೊದಲ ದರ್ಜೆಯಲ್ಲಿ ಪಾಸಾದವನಂತೆ ಅವನ ವಿಧವೆ ಬೀಗುತ್ತಿದ್ದಳು. ಆಮೇಲೆ ಗುಂಡಿ ತೋಡುವ ಅನಿಯೆಲ್ಲೊ ಸಾಬಾಟೀನೊನ ಪೆಟ್ಟಿಗೆ ತೆರೆದ. ನೋಡಿ ಟೋಪಿ ತೆಗೆದ.

"ಇನ್ನೂ ಆಗಿಲ್ಲ, ದೊನ್ನಾ."

"ಸರಿಯಾಗಿ ನೋಡಪ್ಪಾ."

"ನೋಡ್ದೆ. ಕೋಟು ಕೂಡ ಹಾಗೇ ಇದೆ. ಮಳೆ ಜಾಸ್ತಿ ಆಯ್ತಲ್ಲ, ಅದಕ್ಕೇ. ಮುಚ್ಚಿಬಿಡೋಣ, ಇನ್ನೆರಡು ವರ್ಷ ಬಿಟ್ಟು ಬನ್ನಿ."

"ಕಟುಕನ ಮೇಲೆ ಮಳೆ ಬೀಳ್ಲಿಲ್ವಾ?"

ಅನಿಯೆಲ್ಲೊ ಸಲಿಕೆಯ ಮಣ್ಣು ಕೆರೆಯತೊಡಗಿದ. ನುನ್ಸಿಯಾ ಗುಂಡಿಯ ಅಂಚಿಗೆ ಹೋಗಿ ಬಗ್ಗಿದಳು.

"ಹಟಮಾರಿ! ಬದುಕಿದ್ದಾಗ ನನ್ನ ಒಂದು ಮಾತೂ ಕೇಳ್ಲಿಲ್ಲ. ಇದೊಂದನ್ನ ಯಾಕೋ ಕೇಳ್ದೆ?"

ಮಣ್ಣು ಬಿತ್ತು. ಮಡಿಕೆ ಬಿಚ್ಚದ ಹೊದಿಕೆಯನ್ನು ಎದೆಗೊತ್ತಿಕೊಂಡೇ ಅವಳು ಬಸ್ಸಿನಲ್ಲಿ ಕೂತಳು.

ಓಣಿಯ ಬಾಲ್ಕನಿಗಳೆಲ್ಲ ತುಂಬಿದ್ದವು. ಮೇಲಿನಿಂದ ಯಾರೋ ಕೇಳಿದರು, "ಹೇಗಿದ್ದ?"

"ಉಪ್ಪಿನ ಹಾಗೆ ಬೆಳ್ಳಗೆ!" ಎಂದು ನಾನು ಘೋಷಿಸಿದೆ. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು.

ನುನ್ಸಿಯಾ ಓಣಿಯ ನಡುವೆ ನಿಂತಳು. "ಸುಳ್ಳು. ಅವನು ಒಣಗಿಲ್ಲ. ನಾನೇ ಮಾಡಿದ್ದು. ಅವತ್ತು ನೀವೆಲ್ಲ ಕೇಳಿಸ್ಕೊಂಡ್ರಲ್ಲ."

ತಲೆಯೆತ್ತಿ ಒಂದೊಂದೇ ಬಾಲ್ಕನಿಯನ್ನು ನೋಡಿದಳು. ನಿನ್ನ ತಪ್ಪಲ್ಲ ಎಂದು ಯಾರಾದರೂ ಒಬ್ಬರು ಅಂದರೆ ಸಾಕು ಎಂಬಂತೆ ಕಾದಳು. ಮೀನಿನ ದರಕ್ಕೆ ಗಂಟೆಗಟ್ಟಲೆ ಗಂಟಲು ಹರಿದುಕೊಳ್ಳುವ ನಮ್ಮ ಓಣಿ, ಮೆಲ್ಲಗೆ ಬಾಗಿಲುಗಳನ್ನು ಮುಚ್ಚಿಕೊಂಡಿತು.