ಮಾವನವರ ಎಡಗೈ

ಹರಳೆಣ್ಣೆ ಕಾಯುವಾಗ ಒಂದು ವಾಸನೆ ಏಳುತ್ತದಲ್ಲ, ಅದು ನಿಮಗೆ ಹಿಡಿಸುತ್ತದೋ ಇಲ್ಲವೋ ನಾನು ಕಾಣೆ. ನನ್ನ ಸೊಸೆಗಂತೂ ಹಿಡಿಸುವುದಿಲ್ಲ. ಆದರೂ ಮೂಗು ಮುರಿದುಕೊಂಡೇ ದಿನಾ ಸಂಜೆ ಬಟ್ಟಲಲ್ಲಿ ಬೆಚ್ಚಗೆ ಮಾಡಿ ತಂದು ನನ್ನ ಎಡ ಮೊಣಕೈಗೆ ತಿಕ್ಕುತ್ತಾಳೆ. ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಹೇಳುತ್ತಾಳೆ. "ಈ ವಯಸ್ಸಲ್ಲಿ ಪಾರ್ಕಿಗೆ ಹೋಗಿ ಕೈ ಬೀಸೋದು ಯಾಕೆ ಅತ್ತೆ? ಸುಮ್ನೆ ಎರಡು ಸುತ್ತು ನಡೆದು ಬಂದ್ರೆ ಸಾಲ್ದಾ?" ಅವಳು ಸ್ಕೂಲ್ ಟೀಚರ್. ಬುದ್ಧಿ ಹೇಳುವುದು ಅವಳ ಕಸುಬು, ಅದಕ್ಕೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಈಚೆಗೆ ತಿಕ್ಕುವುದನ್ನು ಮಾತ್ರ ಎಡಗೈಯಲ್ಲಿ ತಿಕ್ಕುತ್ತಾಳೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಜಾರುತ್ತದೆ. ಅದಕ್ಕೆ ನಾನು ಗೊಣಗುವುದುಂಟು.

ಪಾರ್ಕಿನ ವಿಷಯ ಹೇಳಿಬಿಡುತ್ತೇನೆ. ಹಾಸನದ ನಮ್ಮ ಬಡಾವಣೆಯಲ್ಲಿ ನನ್ನ ವಯಸ್ಸಿನ ಹೆಂಗಸರ ಒಂದು ಗುಂಪಿದೆ. ಬೆಳಿಗ್ಗೆ ಸೇರಿ ಕೈಕಾಲು ಆಡಿಸುತ್ತೇವೆ. ಬಾಯಿಯನ್ನೂ ಆಡಿಸುತ್ತೇವೆ ಅನ್ನಿ. ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದರಲ್ಲಿ ನಾನೇ ಮುಂದು ಎಂದು ಹೆಸರು ಬೇರೆ ಬಂದಿತ್ತು. ಹೊಗಳಿದರೆ ಉಬ್ಬುವ ಜಾತಕ ನನ್ನದು. ದೊಡ್ಡ ಬಾಟಲಿ ಹಿಡಿದೆ, ಮೊಣಕೈ ಕೈಕೊಟ್ಟಿತು.

ನೋವು ಹಾಳಾಗಲಿ. ನನ್ನನ್ನು ಕಾಡುತ್ತಿರುವುದು ಬೆಳಗಿನ ಪೂಜೆ. ನಮ್ಮವರ ಪೂಜೆ ನಿಮಗೆ ಗೊತ್ತಿರಬಹುದು. ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ದೃಷ್ಟಿ ನೆಟ್ಟು ಕೂರಬೇಕು. ಈ ವಾರ ಹಾಗೆ ಎತ್ತಿದಾಗ ನನ್ನ ಕೈ ನಡುಗಿತು. ಲಿಂಗ ಜಾರಿ ನೆಲಕ್ಕೆ ಬೀಳುವುದೆಂದರೆ ನಮಗೆ ಜೀವ ಹೋದ ಹಾಗೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ನಿನ್ನೆ ಸಂಜೆ ಎಣ್ಣೆಯ ವಾಸನೆ ಮೂಗಿಗೆ ಬಡಿದಾಗ ನೆನಪಾದವರು ನನ್ನ ಮಾವನವರು. ಅರವತ್ತೈದರ ಯುದ್ಧದ ಕಾಲದಲ್ಲಿ ನಾನು ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದೆ. ಮಾವನವರದು ಪೇಟೆಯಲ್ಲಿ ಜವಳಿ ಅಂಗಡಿ. ಅಂಗಡಿಗಿಂತ ಅವರಿಗೆ ಗರಡಿಯ ಮೇಲೆ ಪ್ರಾಣ. ಅರವತ್ತು ದಾಟಿದ್ದರೂ ಬೆಳಗಾಗುವ ಮುಂಚೆ ಎದ್ದು ಹೋಗಿ, ದಂಡ ಬಸ್ಕಿ ಹೊಡೆದು, ಎರಡು ಕೈಯಲ್ಲಿ ಎರಡು ಮರದ ಗದೆ ಹಿಡಿದು ಹೆಗಲ ಸುತ್ತ ತಿರುಗಿಸಿ, ಮೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಮನೆಗೆ ಬರುತ್ತಿದ್ದರು. ಆಮೇಲೆ ಸ್ನಾನ, ಪೂಜೆ, ನಾಷ್ಟ. ಈ ಕ್ರಮ ತಪ್ಪಿದ್ದನ್ನು ನಾನು ನೋಡಿರಲಿಲ್ಲ. ನಾನು ನೋಡುತ್ತಿದ್ದುದು ಬಾಗಿಲ ಸಂದಿಯಿಂದ. ಸೊಸೆ ಮಾವನ ಎದುರು ನಿಲ್ಲುವ ಕಾಲ ಅದಲ್ಲ.

ಅವರಿಗೆ ಎಡ ಮೊಣಕೈ ನೋವು ಶುರುವಾಯಿತು. ಬೇರೆ ಯಾರೇ ಆಗಿದ್ದರೂ ನಾಲ್ಕು ದಿನ ಗದೆ ಕೆಳಗಿಡುತ್ತಿದ್ದರು. ಗರಡಿಯವರ ಲೆಕ್ಕವೇ ಬೇರೆ. ಕೈಗೆ ಸೋಮಾರಿತನ ಬಂದಿದೆ ಎಂದು ಮಾವನವರು ಇನ್ನೂ ಭಾರದ ಗದೆ ಹಿಡಿದರು. ನೋವು ದುಪ್ಪಟ್ಟಾಯಿತು. ಆಮೇಲೆ ಹಳೇಕೋಟೆ ಕಡೆಯಿಂದ ನಾಟಿ ವೈದ್ಯರೊಬ್ಬರು ಬಂದು ಸೊಪ್ಪು ಅರೆದು ಪಟ್ಟು ಹಾಕಿ, ಬಿದಿರಿನ ದಬ್ಬೆ ಕಟ್ಟಿ, ಕೈ ಅಲ್ಲಾಡಿಸಕೂಡದು ಎಂದು ಹೇಳಿ ಹೋದರು. ಮಾವನವರು ಹೇಳಿದ್ದಕ್ಕಿಂತ ಹೆಚ್ಚು ದಿನ ಕಟ್ಟಿಕೊಂಡೇ ಕೂತರು. ಏನು ಮಾಡಿದರೂ ಅತಿಯಾಗಿಯೇ ಮಾಡಬೇಕು ಅವರಿಗೆ. ಬಿಚ್ಚಿ ನೋಡಿದರೆ ಕೈ ಮಡಿಸಲು ಬಾರದು, ಚಾಚಲು ಬಾರದು.

ಒಂದು ಬೆಳಿಗ್ಗೆ ಪೂಜೆಯ ನಡುವೆ ಅವರ ಅಂಗೈ ವಾಲಿತು. ನೀರು, ಬಿಲ್ವಪತ್ರೆ ಎಲ್ಲ ಮಡಿಲಿಗೆ ಸುರಿಯಿತು. ಬಲಗೈಯಿಂದ ಲಿಂಗವನ್ನು ಬಾಚಿ ಎದೆಗೆ ಒತ್ತಿಕೊಂಡರು. ಬೀಳಲಿಲ್ಲ, ಆದರೆ ಬಿದ್ದಷ್ಟೇ ಆಯಿತು. ಅಷ್ಟು ಗಟ್ಟಿ ಆಳು ಹಾಗೇ ಎದೆಗೊತ್ತಿಕೊಂಡು ಕೂತಿದ್ದನ್ನು ನೋಡಿ ನನಗೆ ಅಳು ಬಂತು. ಅವತ್ತು ಅವರು ಊಟ ಮಾಡಲಿಲ್ಲ. ಅತ್ತೆಯೂ ಮಾಡಲಿಲ್ಲ. ಇನ್ನು ನಾನೇನು ಮಾಡಲಿ, ಒಳಗೆ ಕೂತು ಒಂದು ಚೂರು ಬೆಲ್ಲ ತಿಂದೆ.

"ಗರಡಿ ಬುಟ್ಬುಡಿ ಅತ್ಲಾಗೆ," ಎಂದರು ಅತ್ತೆ ರಾತ್ರಿ. "ಇನ್ಯಾರ ಮೇಲೆ ಕುಸ್ತಿಗೆ ಓಗ್ಬೇಕು ನೀವು?"

"ಕುಸ್ತಿಗಲ್ಲ ಕಣೇ. ಬುಟ್ಟು ಕೂತ್ರೆ ಈ ಕೈ ಕೊರಡಾಯ್ತದೆ. ಆಮೇಲೆ ಸ್ವಾಮೀನ ಯಾವ ಕೈಲಿ ಹಿಡೀಲಿ?"

ಅತ್ತೆ ಎದ್ದು ಹೋಗಿ ಮಾರನೆಯ ದಿನಕ್ಕೆ ರಾಗಿ ಅಳೆದಿಟ್ಟರು, ದಿನಕ್ಕಿಂತ ಒಂದು ಸೇರು ಹೆಚ್ಚು. ನನ್ನ ಅತ್ತೆ ಹೀಗೆ ಅಳತೆ ಮೀರಿದರೆ ಏನೋ ಹೂಡುತ್ತಿದ್ದಾರೆ ಎಂದೇ ಅರ್ಥ.

ಮಾರನೆಯ ಬೆಳಗಿನ ಜಾವ ನಾನು ರಾಗಿ ಬೀಸುತ್ತಾ ಕೂತಿದ್ದೆ. ಸೀಮೆಎಣ್ಣೆ ಸಿಗದ ಕಾಲ, ಹರಳೆಣ್ಣೆ ದೀಪದ ಬೆಳಕು. ಅತ್ತೆ ಮಾವನವರನ್ನು ಕರೆದುಕೊಂಡು ಬಂದರು. ನಾನು ಗಾಬರಿಯಿಂದ ಎದ್ದು ಬಾಗಿಲ ಹಿಂದೆ ಸರಿದೆ.

"ಕೂತ್ಕಳಿ," ಎಂದರು ಅತ್ತೆ, ಬೀಸೋಕಲ್ಲು ತೋರಿಸಿ.

"ನಾನಾ? ಯಾರಾದ್ರೂ ನೋಡಿದ್ರೆ ಏನಂದಾರು?"

"ಗದೆ ತಿರುಗ್ಸೋರಿಗೆ ಗೂಟ ತಿರುಗ್ಸಕ್ಕೆ ಏನು ದಾಡಿ? ನಂಗೂ ಬಂದಿತ್ತು ಈ ನೋವು, ಕೊನೇ ಬಾಣಂತನ ಆದ್ಮೇಲೆ. ಅಂಗಂತ ಬೀಸೋದು ಬುಟ್ನಾ? ಬುಟ್ಟಿದ್ರೆ ನೀವೇನು ತಿಂತಿದ್ರಿ? ನಮ್ಮವ್ವ ಎದುರು ಕೂತು ಭಾರ ಎಲ್ಲಾ ತಾನೇ ಎಳ್ಕೊಂಡ್ಲು. ನಾನು ಸುಮ್ನೆ ಕೈ ಇಟ್ಕಂಡಿದ್ದೆ. ದಿನ ಕಳೀತಾ ಕಳೀತಾ ಕೈ ತಾನೇ ಬಂತು."

ಮಾವನವರು ಅತ್ತೆಯ ಕೈ ನೋಡಿದರು. "ನಂಗೆ ಹೇಳ್ಲೇ ಇಲ್ವಲ್ಲೇ."

"ನೀವು ಗರಡೀಲಿದ್ರಿ," ಎಂದರು ಅತ್ತೆ.

ಅದರಲ್ಲಿ ಸಿಟ್ಟಿರಲಿಲ್ಲ. ಅಂಗಡಿಗೆ ಹೋಗಿದ್ರಿ, ಸಂತೆಗೆ ಹೋಗಿದ್ರಿ ಅನ್ನುವ ಹಾಗೆ ಅಂದರು. ಮಾವನವರು ಪಂಚೆ ಮಡಿಸಿ ಕಲ್ಲಿನ ಮುಂದೆ ಕೂತರು.

ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುವುದನ್ನು ನೀವು ನೋಡಿರಬಹುದು, ಆದರೆ ಇಬ್ಬರೂ ಹೆಂಗಸರೇ ಆಗಿರುತ್ತಾರೆ. ಜವಳಿ ಅಂಗಡಿ ಯಜಮಾನರು ಎಡಗೈಯಲ್ಲಿ ಗೂಟ ಹಿಡಿದು, ಮೀಸೆಯಡಿ ನಾಚಿಕೊಂಡು ಬೀಸುವುದನ್ನು ನೋಡಿದವಳು ನಾನೊಬ್ಬಳೇ ಇರಬೇಕು. ಮೊದಮೊದಲು ಅತ್ತೆಯೇ ಎಳೆಯುತ್ತಿದ್ದರು, ಮಾವನವರ ಕೈ ಅದರ ಜೊತೆ ಸುಮ್ಮನೆ ಸುತ್ತಿ ಬರುತ್ತಿತ್ತು. ನೋವು ಜಾಸ್ತಿಯಾದ ದಿನ ಬೇಗ ನಿಲ್ಲಿಸಿ, ಎಣ್ಣೆ ಹಚ್ಚಿ, ಬಿಸಿ ಮಾಡಿದ ಎಕ್ಕದೆಲೆ ಕಟ್ಟುತ್ತಿದ್ದರು. ದೀಪಕ್ಕಿಂತ ಮಾವನವರ ಕೈಗೇ ಎಣ್ಣೆ ಹೆಚ್ಚು ಹೋಯಿತು. ಬರೀ ಕಲ್ಲು ಬೀಸಿದರೆ ಮನೆಗೆ ಒಳ್ಳೆಯದಲ್ಲ ಎಂದು ಅತ್ತೆ ರಾಗಿ ಹಾಕುತ್ತಲೇ ಇದ್ದರು. ಹೀಗಾಗಿ ಮನೆಯಲ್ಲಿ ಹಿಟ್ಟೋ ಹಿಟ್ಟು. ಮೂರು ಹೊತ್ತೂ ರಾಗಿಯೇ ತಿಂದೆವು, ಅಕ್ಕಪಕ್ಕದವರಿಗೂ ಹಂಚಿದೆವು. ಸೊಸೆ ಬಂದ ಮೇಲೆ ಕೈ ಧಾರಾಳವಾಗಿದೆ ಎಂದು ಬೀದಿಯವರು ನನ್ನನ್ನು ಹೊಗಳಿದರು. ನಾನು ಬೇಡ ಅನ್ನಲಿಲ್ಲ.

ಒಂದು ದಿನ ಮಾವನವರು ಬೀಸಿ ಎದ್ದವರೇ ಗರಡಿಗೆ ಹೋದರು. ಗರಡಿಯ ಉಸ್ತಾದರು ಅವರ ಮೀಸೆ ನೋಡಿ, "ಏನ್ ಯಜಮಾನ್ರೇ, ಹಿಟ್ಟಿನ ಗಾಡಿ ಮೇಲೆ ಬಿದ್ಬುಟ್ರಾ?" ಎಂದರಂತೆ. ಸುಳ್ಳು ಹೇಳಬಹುದಿತ್ತು. "ಇಲ್ಲ ಕಣಪ್ಪ, ರಾಗಿ ಬೀಸಿ ಬಂದೆ," ಎಂದು ಹೇಳಿ, ಹುಡುಗರು ಹಿಡಿಯುವ ಸಣ್ಣ ಗದೆ ತೆಗೆದುಕೊಂಡರಂತೆ. ನಕ್ಕವರು ನಕ್ಕರು. ಇದನ್ನು ಅವರೇ ಬಂದು ಅತ್ತೆಗೆ ಹೇಳಿ ನಕ್ಕರು. ಬಾಗಿಲ ಹಿಂದೆ ನಾನೂ ನಕ್ಕೆ, ಕೇಳಿಸಿತೇನೋ, "ಅಲ್ಯಾರೋ ನಗ್ತಾವ್ರೆ," ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಹಿಟ್ಟು ಬಾಚಲು ಹೋದೆ. ಮಾವನವರು ಕಣ್ಣು ಮುಚ್ಚಿಕೊಂಡು ಬೀಸುತ್ತಿದ್ದರು. ಎದುರಿಗೆ ಅತ್ತೆ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

ಕೈ ಪೂರ್ತಿ ಮೊದಲಿನಂತೆ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಎದೆಯ ಮಟ್ಟಕ್ಕೆ ಬಂತು, ಅದರ ಮೇಲೆ ಏರಲಿಲ್ಲ. ಆದರೆ ಅಲ್ಲಿ ಗಟ್ಟಿಯಾಗಿ ನಿಂತಿತು. ಕಣ್ಣಿನ ಮಟ್ಟಕ್ಕೆ ಬರಲಿಲ್ಲವಲ್ಲ ಎಂದು ಅತ್ತೆ ಕೊರಗಿದರೆ ಮಾವನವರು ಹೇಳಿದರು, "ಅದ್ಕೇನಂತೆ. ಕೈ ಏರ್ದಿದ್ರೆ ನಾನೇ ತಲೆ ಬಗ್ಗುಸ್ತೀನಿ." ಗರಡಿಯಲ್ಲಿ ಯಾರಿಗೂ ತಲೆ ಬಗ್ಗಿಸದ ಮನುಷ್ಯ. ಕಡೆಯವರೆಗೂ ಹಾಗೇ ಕತ್ತು ಬಾಗಿಸಿ ಪೂಜೆ ಮಾಡಿದರು, ಸಣ್ಣ ಗದೆ ತಿರುಗಿಸಿದರು.

ಇವತ್ತು ಬೆಳಿಗ್ಗೆ ನಾನೂ ಕೈಯನ್ನು ಎದೆಯ ಹತ್ತಿರ ಇಟ್ಟುಕೊಂಡು ತಲೆ ಬಗ್ಗಿಸಿದೆ. ಕೈ ನಡುಗಲಿಲ್ಲ. ಇಷ್ಟು ಸುಲಭದ್ದಕ್ಕೆ ವಾರವೆಲ್ಲ ಒದ್ದಾಡಿದೆನಲ್ಲ ಎಂದು ನಗು ಬಂತು. ಪಾರ್ಕಿಗೂ ಹೋದೆ. ಚಿಕ್ಕ ಬಾಟಲಿಯಲ್ಲಿ ಅರ್ಧ ನೀರು. ಗೆಳತಿಯರು ನಕ್ಕರು, ನಗಲಿ.

ಸಂಜೆ ಸೊಸೆ ಎಣ್ಣೆ ಬಟ್ಟಲು ತಂದಳು. ಎಡಗೈಯಲ್ಲೇ ತಿಕ್ಕತೊಡಗಿದಳು. ಗೊಣಗಲು ಬಾಯಿ ತೆರೆದವಳು ಅವಳ ಕೈ ನೋಡಿದೆ. ಇವಳು ಎಡಚಿಯಲ್ಲ.

"ಬಲಗೈಗೆ ಏನಾಗಿದೆ?"

"ಏನಿಲ್ಲ ಅತ್ತೆ. ಬೋರ್ಡಿನ ಮೇಲೆ ಬರೆದೂ ಬರೆದೂ ಮೊಣಕೈ ಸ್ವಲ್ಪ ಹಿಡ್ಕೊಳ್ಳುತ್ತೆ."

"ಯಾವಾಗಿಂದ?"

"ಯುಗಾದಿಯಿಂದ ಇರಬೇಕು."

ಯುಗಾದಿ ಕಳೆದು ಎಷ್ಟೋ ದಿನವಾಗಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಲು ಹೋದೆ. ನಾನೆಲ್ಲಿದ್ದೆ ಎಂಬುದು ನನಗೇ ಗೊತ್ತಿತ್ತು, ಪಾರ್ಕಿನಲ್ಲಿ.

ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡೆ. ಎಣ್ಣೆ ಇನ್ನೂ ಬೆಚ್ಚಗಿತ್ತು.

"ಎದುರಿಗೆ ಕೂತ್ಕೊ," ಎಂದೆ. "ಆ ಕೈ ಇತ್ಲಾಗ್ ಕೊಡು."